ಬಂಡೆಯ ಪಕ್ಕದ ಜಾಗ

ಪಿಲ್‌ಸುನ್ ಅಜ್ಜಿ ತನಗೆಂದು ಏನನ್ನೂ ಕೇಳುವ ಹೆಂಗಸಲ್ಲ. ಮಗಳು ಹೊಸ ಚಪ್ಪಲಿ ತಂದರೆ ಹಳೆಯದು ಇನ್ನೂ ಸತ್ತಿಲ್ಲವಲ್ಲ ಎಂದು ಕಪಾಟಿನೊಳಗೆ ಇಡುತ್ತಿದ್ದಳು. ಜೆಜು ದ್ವೀಪಕ್ಕೆ ಹೋಗಿ ಸಮುದ್ರ ನೋಡಿಕೊಂಡು ಬರೋಣವೆಂದರೆ, ನೀರು ನೋಡಲು ಅಷ್ಟು ದೂರ ಯಾಕೆ, ನಲ್ಲಿ ತಿರುಗಿಸಿದರೆ ಬರುತ್ತದೆ ಎನ್ನುತ್ತಿದ್ದಳು. ಅಂಥವಳು ಎಂಬತ್ತು ದಾಟಿದ ಮೇಲೆ ಒಂದು ಭಾನುವಾರ, ಮಗಳ ಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಟೀವಿ ನೋಡುತ್ತಿದ್ದವಳು, ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟಳು.

ಟೀವಿಯಲ್ಲಿ ಕಾಡಿಗೆ ಹೋಗಿ ಟೆಂಟ್ ಹಾಕಿಕೊಂಡು ಮಲಗುವವರ ಕಾರ್ಯಕ್ರಮ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರು ಟೆಂಟ್ ಹಾಕಲೆಂದು ಮಾಡಿದ ಮರದ ಕಟ್ಟೆಯೊಂದರ ಮೇಲೆ ಕೂತು ಹಂದಿಮಾಂಸ ಸುಡುತ್ತಿದ್ದರು. ಅವರ ಬೆನ್ನ ಹಿಂದೆ, ಮಲಗಿದ ಎತ್ತಿನಂತೆ, ಕರಿಯ ಬಂಡೆಯೊಂದಿತ್ತು.

“ಆ ಬಂಡೆ ನಂಗೊತ್ತು,” ಎಂದಳು ಅಜ್ಜಿ. ಆಮೇಲೆ, “ಅಲ್ಲಿ ಒಂದು ರಾತ್ರಿ ಮಲಗ್ಬೇಕು” ಎಂದಳು.

ಪರದೆಯ ಕೆಳಗೆ ಹೆಸರು ಬಂತು. ನೋರುಗೋಲ್ ಅರಣ್ಯ ವಿಹಾರಧಾಮ.

ನೋರುಗೋಲ್ ಎಂಬ ಹೆಸರು ಮಗಳು ಇನ್‌ಸುಕ್‌ಗೆ ಗೊತ್ತಿತ್ತು, ಅಷ್ಟೆ. ಅವಳು ಹುಟ್ಟಿದ್ದು ಆ ಕಣಿವೆಯ ಮೇಲಿನ ಇಳಿಜಾರಿನಲ್ಲಿ. ಅಪ್ಪ ಅಮ್ಮ ಅಲ್ಲಿ ಕಾಡು ಕಡಿದು, ಸುಟ್ಟು, ಕುಮರಿ ಬೇಸಾಯ ಮಾಡಿ ಜೋಳ, ಆಲೂಗಡ್ಡೆ ಬೆಳೆಯುತ್ತಿದ್ದರು. ಅವಳಿಗೆ ಐದು ವರ್ಷವಾಗಿದ್ದಾಗ ಸರ್ಕಾರದವರು ಬಂದು, ಕಾಡು ಹಾಳಾಗುತ್ತದೆಂದು ಕಣಿವೆಯ ಎಲ್ಲ ಮನೆಗಳನ್ನೂ ಖಾಲಿ ಮಾಡಿಸಿದರು. ಆಮೇಲೆ ತೇಬೇಕ್‌ನ ಕಲ್ಲಿದ್ದಲ ಗಣಿ, ಗಣಿಯ ಸಾಲುಮನೆ, ಎದೆಯಲ್ಲಿ ಕರಿ ದೂಳು ತುಂಬಿಕೊಂಡು ಸತ್ತ ಅಪ್ಪ. ಜೊಂಗ್‌ಸು ಎಂಬ ತಮ್ಮನೊಬ್ಬನಿದ್ದ, ಹಸುಗೂಸಾಗಿದ್ದಾಗಲೇ ದಡಾರ ಬಂದು ಹೋದ ಎಂಬುದನ್ನೂ ಯಾರೋ ಹೇಳಿ ಅವಳು ಕೇಳಿದ್ದಳು. ಆದರೆ ಮನೆಯಲ್ಲಿ ನೋರುಗೋಲ್‌ನ ಮಾತು ಬರುತ್ತಿರಲಿಲ್ಲ. ಯಾರಾದರೂ ಎತ್ತಿದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು.

ಅಂಥ ಅಮ್ಮ ತಾನಾಗಿ ಕೇಳಿದಳಲ್ಲ ಎಂದು ಇನ್‌ಸುಕ್ ಹಿಗ್ಗಿದಳು. ಅವಳು ವೊಂಜು ಪಟ್ಟಣದ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಗಂಡನಿಂದ ಬೇರೆಯಾಗಿ ಬಹಳ ವರ್ಷವಾಗಿತ್ತು. ಮಗಳು ಗಾರಮ್ ದಂತವೈದ್ಯರೊಬ್ಬರ ಹತ್ತಿರ ಕೆಲಸಕ್ಕಿದ್ದಳು. ಪಕ್ಕದ ಕಟ್ಟಡದಲ್ಲೇ ಅಮ್ಮನ ಸಣ್ಣ ಮನೆ. ಮೂವರೂ ಹೆಂಗಸರು ಒಟ್ಟಿಗೆ ಎಲ್ಲಿಗೂ ಹೋದವರಲ್ಲ. ಟೆಂಟಿನಲ್ಲಂತೂ ಒಬ್ಬರೂ ಮಲಗಿಲ್ಲ ಎಂದು ಇನ್‌ಸುಕ್ ಅಂದುಕೊಂಡಿದ್ದಳು.

ಬುಕಿಂಗ್ ಕೆಲಸ ಗಾರಮ್‌ಳದು. ಆದರೆ ಅದು ಅವಳು ಎಣಿಸಿದಷ್ಟು ಸುಲಭವಾಗಿರಲಿಲ್ಲ. ಮರಗಳ ಎಲೆ ಕೆಂಪಾಗುವ ಕಾಲ, ಊರಿಗೆ ಊರೇ ಕಾಡಿಗೆ ಹೊರಟಿತ್ತು. ವಾರದ ಕೊನೆಗೆ ಜಾಗ ಬೇಕಾದವರೆಲ್ಲ ಹೆಸರು ಕೊಡಬೇಕು, ಲಾಟರಿ ಎತ್ತುತ್ತಾರೆ, ಬಂದವರಿಗೆ ಬಂತು. ಗಾರಮ್ ಹೆಸರು ಕೊಟ್ಟು, “ನಾಡಿನ ದೊಡ್ಡ ಹಾಡುಗಾರರ ಟಿಕೆಟ್ಟನ್ನೇ ಹಿಡಿದ ಬೆರಳಿದು ಅಜ್ಜಿ, ಒಂದು ಬಂಡೆ ಹಿಡಿಯೋಕಾಗಲ್ವಾ?” ಎಂದು ಜಂಬ ಕೊಚ್ಚಿದಳು. ಬರಲಿಲ್ಲ. ಮತ್ತೊಂದು ವಾರಕ್ಕೆ ಕೊಟ್ಟಳು. ಅದೂ ಬರಲಿಲ್ಲ.

ಅಷ್ಟೊಂದು ಜನ ಕೇಳಿದ್ದಾರೆಯೇ ಎಂದು ಅಜ್ಜಿ ವಿಚಾರಿಸಿದಳು. ಒಂದೊಂದು ಜಾಗಕ್ಕೂ ನೂರಾರು ಮಂದಿ ಎಂದಳು ಮೊಮ್ಮಗಳು.

“ಅವತ್ತು ಅಲ್ಲಿಂದ ಹೋಗಿ ಅಂತ ಲಾರಿ ಕಳ್ಸಿದ್ರು,” ಎಂದಳು ಅಜ್ಜಿ. “ಈಗ ಬರೋಕೆ ಲಾಟರಿ ಎತ್ತುತಾರೆ.”

ಇನ್‌ಸುಕ್‌ಗೆ ಅಮ್ಮನ ವಯಸ್ಸಿನ ಚಿಂತೆ. ವಿಹಾರಧಾಮದಲ್ಲಿ ಮರದ ಮನೆಗಳೂ ಇದ್ದವು. ನೆಲ ಬೆಚ್ಚಗಿರುತ್ತದೆ, ಒಳಗೇ ಬಚ್ಚಲಿದೆ, ಅಲ್ಲೇ ಉಳಿಯೋಣ ಎಂದು ಹೇಳಿ ನೋಡಿದಳು. ಅಜ್ಜಿ ಒಪ್ಪಲಿಲ್ಲ. ಗಾರಮ್ ಫೋನಿನಲ್ಲಿ ಜಾಗಗಳ ಫೋಟೋ ಒಂದೊಂದಾಗಿ ತೋರಿಸಿದಾಗ ಮುದುಕಿ ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು ನೋಡಿದಳು. ಬಂಡೆಗೆ ತಾಗಿದಂತಿದ್ದ ಮರದ ಕಟ್ಟೆ ಬಂದಾಗ ಬೆರಳಿಟ್ಟು, ಇದಾದರೆ ಸರಿ, ಬೇರೆಯಾದರೆ ತಾನು ಬರುವುದಿಲ್ಲ ಎಂದುಬಿಟ್ಟಳು. ನಮ್ಮ ಮನೆ ಇದ್ದದ್ದು ಅಲ್ಲೇ ಇರಬೇಕು ಎಂದು ಇನ್‌ಸುಕ್ ತಿಳಿದಳು. ಕೇಳಲು ಹೋಗಲಿಲ್ಲ.

ಆಮೇಲೆ ಗಾರಮ್ ಯಾರಾದರೂ ಬಿಟ್ಟುಕೊಟ್ಟ ಜಾಗಕ್ಕೆ ಕಾಯತೊಡಗಿದಳು. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ರೋಗಿ ಬಾಯಿ ಮುಕ್ಕಳಿಸುವಷ್ಟು ಹೊತ್ತಿನಲ್ಲಿ ಕೂಡ ಫೋನ್ ತೆರೆದು ನೋಡುತ್ತಿದ್ದಳು. ನವೆಂಬರಿನ ನಡುವೆ, ಕಾಡಿನ ಬೆಂಕಿಯ ಭಯಕ್ಕೆ ಟೆಂಟಿನ ಜಾಗಗಳನ್ನು ಮುಚ್ಚುವ ಮೊದಲಿನ ಕೊನೆಯ ವಾರದ ಗುರುವಾರಕ್ಕೆ, ಬಂಡೆಯ ಪಕ್ಕದ ಜಾಗ ತೆರವಾಯಿತು. ಆ ಚಳಿಗೆ ಹೆದರಿ ಯಾರೋ ಬಿಟ್ಟಿದ್ದರು. ಗಾರಮ್ ಹಿಡಿದಳು.

ಅಂದು ಸಂಜೆ ಮೂವರೂ ಊಟದ ಗಿಡ್ಡ ಮೇಜಿನ ಸುತ್ತ ಕೂತು ಏನೇನು ಬೇಕೆಂದು ಮಾತಾಡಿದರು. ಟೆಂಟನ್ನು ಇನ್‌ಸುಕ್‌ಳ ಜೊತೆ ಕೆಲಸದವಳು ಕೊಡುತ್ತಾಳೆ. ಜಾಗದಲ್ಲಿ ಕರೆಂಟಿದೆ, ಬಿಸಿಯಾಗುವ ಹಾಸು ಒಯ್ಯಬಹುದು. ಇದ್ದಿಲು ಸುಡುವಂತಿಲ್ಲ, ಆದ್ದರಿಂದ ಸಾರು ಮನೆಯಲ್ಲೇ ಕುದಿಸಿ ಡಬ್ಬಿಗೆ ತುಂಬುವುದು. ಬುಕ್ ಮಾಡಿದವರೇ ಗುರುತಿನ ಚೀಟಿ ಹಿಡಿದು ಬರಬೇಕು, ಬೇರೆಯವರ ಹೆಸರಿನಲ್ಲಿ ಒಳಗೆ ಬಿಡುವುದಿಲ್ಲ. ಗಾರಮ್ ನಿಯಮಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತ ಹೋದಳು. ಟೆಂಟಿನೊಳಗೆ ಒಲೆಯಾಗಲಿ ಕೆಂಡವಾಗಲಿ ಇಡಬಾರದು, ವಿಷದ ಗಾಳಿ ತುಂಬಿ ನಿದ್ದೆಯಲ್ಲೇ ಪ್ರಾಣ ಹೋಗಬಹುದು ಎಂಬುದನ್ನು ಓದುವಾಗ ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ಬಹಳ ಹೊತ್ತು ನಲ್ಲಿ ಹರಿಯುವ ಸದ್ದು ಕೇಳಿಸಿತು. ತೊಳೆಯಲು ಪಾತ್ರೆಗಳೇನೂ ಇರಲಿಲ್ಲ.

ಮುಂದಿನ ಭಾನುವಾರ ಇನ್‌ಸುಕ್ ಮತ್ತು ಗಾರಮ್ ಕಟ್ಟಡದ ಮುಂದಿನ ಮಕ್ಕಳ ಆಟದ ಬಯಲಿನಲ್ಲಿ ಟೆಂಟ್ ಹಾಕಿ ಕಲಿತರು. ಕಂಬ ಯಾವುದು, ಹಗ್ಗ ಯಾವುದು ತಿಳಿಯದೆ ಇಬ್ಬರೂ ಜಗಳವಾಡಿ, ನಕ್ಕು, ಕೊನೆಗೆ ಹೇಗೋ ನಿಲ್ಲಿಸಿದರು. ಹಸಿರು ಬಟ್ಟೆ ಗಾಳಿಗೆ ಪಟಪಟ ಬಡಿಯಿತು. ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಅಜ್ಜಿ ಎದ್ದು ಮನೆಗೆ ಹೋದಳು. ರಾತ್ರಿ ಊಟಕ್ಕೂ ಬರಲಿಲ್ಲ. ಚಳಿ ತಾಗಿರಬೇಕು ಎಂದುಕೊಂಡಳು ಇನ್‌ಸುಕ್.

ಅಣ್ಣ ಜೊಂಗ್‌ಗಿಲ್‌ಗೆ ಅವಳು ಫೋನ್ ಮಾಡಿದ್ದು ಖುಷಿಯ ಸುದ್ದಿ ಹೇಳಲಿಕ್ಕೆ. ಅವನು ತೇಬೇಕ್‌ನಲ್ಲೇ ಉಳಿದವನು. ಮನೆಮನೆಯ ಬಾಯ್ಲರ್ ರಿಪೇರಿ ಮಾಡುವುದು, ಗ್ಯಾಸ್ ಸೋರಿದರೆ ಕೂಗುವ ಗಂಟೆ ಹಾಕುವುದು ಅವನ ಕೆಲಸ. ಮಾತು ಕಡಿಮೆ. ತಂಗಿ ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದ.

“ಅಮ್ಮನ್ನ ನೋರುಗೋಲ್‌ನಲ್ಲಿ, ಟೆಂಟಲ್ಲಿ ಮಲಗಿಸ್ತೀಯಾ?”

“ಅವಳೇ ಕೇಳಿದ್ದು ಅಣ್ಣ.”

“ನಿಂಗೇನೂ ನೆನಪಿಲ್ವಾ?”

ಏನು ನೆನಪಿರಬೇಕಿತ್ತು ಎಂದು ಅವಳು ಕೇಳಿದಳು. ತನ್ನಿಂದ ಹೇಳಲಾಗುವುದಿಲ್ಲ, ಕರೆದುಕೊಂಡು ಹೋಗಬೇಡ, ಹೋದರೆ ಅದು ನಿನ್ನ ಪಾಡು ಎಂದು ಹೇಳಿ ಅವನು ಫೋನ್ ಇಟ್ಟ. ಇನ್‌ಸುಕ್ ಮರುದಿನ ಅಮ್ಮನನ್ನು ವಿಚಾರಿಸಿದರೆ, ಜೊಂಗ್‌ಗಿಲ್ ಚಿಕ್ಕಂದಿನಿಂದಲೂ ಪುಕ್ಕಲ ಎಂದಷ್ಟೇ ಹೇಳಿ ಅವಳು ಮಾತು ತೇಲಿಸಿದಳು.

ಗುರುವಾರ ಮಧ್ಯಾಹ್ನ ಹೊರಟರು. ಗಾರಮ್ ಕಾರು ಓಡಿಸಿದಳು. ಘಟ್ಟ ಹತ್ತಿದಂತೆ ಎಲೆಯುದುರಿದ ಮರಗಳು, ಒಣಗಿದ ಹೊಳೆ, ಬೀಗ ಹಾಕಿದ ಹೋಟೆಲುಗಳು. ಹಿಂದಿನ ಸೀಟಿನಲ್ಲಿ ಅಜ್ಜಿ ಮಡಿಲಲ್ಲಿ ಒಂದು ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದಳು. ಚಹಾವೇ ಎಂದು ಕೇಳಿದರೆ ಅಲ್ಲ ಎಂದಳು.

ಬಾಗಿಲಲ್ಲಿ ಪ್ಯೋ ಎಂಬ ಮೇಲ್ವಿಚಾರಕ ಗುರುತಿನ ಚೀಟಿ ನೋಡಿದ. ಮೂವತ್ತರ ಆಸುಪಾಸಿನವನು, ಸಭ್ಯ. ಅಜ್ಜಿಗೆ ಬಾಗಿ ನಮಸ್ಕರಿಸಿ, ಈ ವಯಸ್ಸಿನಲ್ಲಿ ಮೊದಲ ಸಲ ಟೆಂಟಿಗೆ ಬಂದಿದ್ದೀರಿ, ದೊಡ್ಡ ಧೈರ್ಯ ಎಂದು ಹೊಗಳಿದ. ಅಜ್ಜಿ ಅವನ ಮುಖವನ್ನೇ ನೋಡಿದಳು.

ಬಂಡೆ ಅಲ್ಲೇ ಇತ್ತು. ಆದರೆ ಅದರ ಅರ್ಧ ಮಣ್ಣಿನಲ್ಲಿ ಹೂತುಹೋಗಿತ್ತು, ಜಾಗ ಸಮ ಮಾಡಲು ಮಣ್ಣು ತಂದು ಹೊಯ್ದಿದ್ದರು. ಅಜ್ಜಿ ಅದರ ಸುತ್ತ ಒಂದು ಸುತ್ತು ಬಂದಳು. ಹಿಂಬದಿಯಲ್ಲಿ ಕಾಂಕ್ರೀಟಿನ ತಡೆಗೋಡೆ, ಅದರಾಚೆ ಪಾತ್ರೆ ತೊಳೆಯುವ ಚಪ್ಪರ. ಅಜ್ಜಿ ಗೋಡೆಯ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಇನ್‌ಸುಕ್ ಮತ್ತು ಗಾರಮ್ ಟೆಂಟ್ ನಿಲ್ಲಿಸಿ, ಹಾಸು ಹಾಸಿ, ಸಾರು ಬಿಸಿ ಮಾಡಿ ಕರೆದಾಗ ಬಂದು ಕಟ್ಟೆಯ ಅಂಚಿನಲ್ಲಿ ಕೂತಳು. ಟೆಂಟಿಗೆ ಬೆನ್ನು ಮಾಡಿ ಕೂತಳು.

ನಮ್ಮ ಮನೆಯ ಯಾವ ಕೋಣೆ ಈ ಕಟ್ಟೆಯ ಮೇಲೆ ಬರುತ್ತದೆ ಎಂದು ಇನ್‌ಸುಕ್ ಕೇಳಿದಳು.

“ಮನೆಯಾ?” ಅಜ್ಜಿ ಮೇಲಿನ ಗುಡ್ಡದ ಕಡೆ ಗದ್ದ ಎತ್ತಿದಳು. “ಮನೆ ಇದ್ದಿದ್ದು ಅಲ್ಲಿ, ಮೇಲೆ. ಅದನ್ನ ಸುಟ್ಟುಹಾಕಿದ್ರಲ್ಲ. ಇಲ್ಲಿದ್ದಿದ್ದು ಡೇರೆ.”

ಆಗ ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿದ್ದ. ಪ್ಯೋ ಒಂದೊಂದು ಜಾಗಕ್ಕೂ ಬಂದು ಎಲ್ಲ ಸರಿಯಿದೆಯೇ ನೋಡುತ್ತಿದ್ದವನು ಇವರ ಹತ್ತಿರವೂ ಬಂದು, ಇಂದು ಚಳಿ ಜೋರು, ಆದರೂ ದಯವಿಟ್ಟು ಟೆಂಟಿನೊಳಗೆ ಏನನ್ನೂ ಉರಿಸಬೇಡಿ, ಎಂದು ಹೇಳಿ ಹೋದ. ಅವನ ಬೆನ್ನನ್ನೇ ನೋಡುತ್ತ ಅಜ್ಜಿ, “ಅವತ್ತಿನ ಸರ್ಕಾರದವನೂ ಹೀಗೇ ದಿನಾ ಬಂದು ಹೇಳಿಹೋಗ್ತಿದ್ದ” ಎಂದಳು. ಆಮೇಲೆ ಮಾತು ನಿಲ್ಲಿಸಲಿಲ್ಲ.

ಮನೆಗಳನ್ನು ಸುಟ್ಟ ಮೇಲೆ ಇಳಿಜಾರಿನ ಕುಟುಂಬಗಳನ್ನೆಲ್ಲ ಕೆಳಗಿಳಿಸಿ, ಹೊಳೆಯ ಪಕ್ಕದ ಈ ಬಯಲಿನಲ್ಲಿ ಮಿಲಿಟರಿ ಡೇರೆಗಳಲ್ಲಿ ಇಟ್ಟರಂತೆ. ಹಿಮ ಬೀಳುವ ಮೊದಲು ಪಟ್ಟಣದಲ್ಲಿ ಮನೆ ಕೊಡುತ್ತೇವೆ ಎಂದಿದ್ದರು. ಹಿಮ ಬಿತ್ತು, ಮನೆ ಬರಲಿಲ್ಲ. ಅಪ್ಪ ಗಣಿಯಲ್ಲಿ ಕೆಲಸ ಹುಡುಕಿಕೊಂಡು ಹೋಗಿದ್ದ. ಡೇರೆಗೊಂದು ತಗಡಿನ ಒಲೆ, ಸುಡಲು ಕಲ್ಲಿದ್ದಲ ಉಂಡೆ. ರಾತ್ರಿ ಒಲೆಯನ್ನು ಹೊರಗಿಡಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು.

“ತಮ್ಮನಿಗೆ ದಡಾರ ಬಂದಿತ್ತು ಅಲ್ವಾ?” ಎಂದಳು ಇನ್‌ಸುಕ್.

“ದಡಾರ ಬಂದಿದ್ದು ನಿಂಗೆ.”

ಗಾರಮ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು.

“ಮೈ ಕಾದ ಕಾವಲಿ ಆಗಿತ್ತು, ಆದ್ರೂ ಚಳಿ ಚಳಿ ಅಂತಿದ್ದೆ. ಹಲ್ಲು ಕಟಕಟ ಅಂತಿತ್ತು. ಆ ಸದ್ದು ನಂಗೆ ಕೇಳೋಕಾಗ್ಲಿಲ್ಲ. ಒಲೆ ಒಳಗೆ ತಾ ಅಂತ ಜೊಂಗ್‌ಗಿಲ್‌ಗೆ ಹೇಳ್ದೆ. ಬೇಡಮ್ಮ ಅಂದ. ಬೈದೆ, ತಂದಿಟ್ಟ. ಬಾಗಿಲು ಒಂಚೂರು ತೆಗೆದೇ ಇಟ್ಟಿದ್ದೆ. ಹಿಮ ಒಳಗೆ ಬರ್ತಿತ್ತು, ಮುಚ್ಚಿಬಿಟ್ಟೆ.”

ಬೆಳಗಿನ ಜಾವ ತಲೆ ಸೀಳುವ ನೋವಿಗೆ ಎಚ್ಚರವಾಯಿತಂತೆ. ತೆವಳುತ್ತ ಹೋಗಿ ಮಕ್ಕಳನ್ನು ಹಿಮದ ಮೇಲೆ ಎಳೆದು ಹಾಕಿದಳು. ಇನ್‌ಸುಕ್ ವಾಂತಿ ಮಾಡಿದಳು, ಜೊಂಗ್‌ಗಿಲ್ ಕೆಮ್ಮಿದ. ಕೂಸು ಮಾತ್ರ ಹಾಗೇ ಇತ್ತು.

“ಡೇರೆ ಬೆಚ್ಚಗಿತ್ತಲ್ಲ, ಅವನೂ ಬೆಚ್ಚಗಿದ್ದ. ನಿದ್ದೆ ಅಂದ್ಕೊಂಡೆ.”

ಅದಾದ ಮೇಲೆ ತನಗೇ ಜ್ಞಾನ ತಪ್ಪಿ ಮಲಗಿದ್ದಳು. ಸುದ್ದಿ ಕೇಳಿ ಓಡಿಬಂದ ಅಪ್ಪ ಸಂಜೆ ಕೂಸನ್ನು ಎತ್ತಿಕೊಂಡು ಹೋಗಿ ಹೂತು, ಮೇಲೆ ಕಲ್ಲು ಪೇರಿಸಿ ಬಂದ. ಹಸುಗೂಸಿನ ಗೋರಿಯನ್ನು ತಾಯಿಗೆ ತೋರಿಸುವ ಪದ್ಧತಿಯಿಲ್ಲ. ಎಲ್ಲಿ ಎಂದು ಅವಳು ಕೇಳಿದ್ದಕ್ಕೆ, ಬಂಡೆಯ ಹತ್ತಿರ ಎಂದಷ್ಟೇ ಹೇಳಿದ. ಸ್ವಲ್ಪ ದಿನಕ್ಕೆ ಲಾರಿಗಳು ಬಂದು ಎಲ್ಲರನ್ನೂ ತುಂಬಿಕೊಂಡು ಹೋದವು.

ಇನ್‌ಸುಕ್ ಕತ್ತಲಾಗುವವರೆಗೆ ಕಟ್ಟೆಯ ಮೇಲೆ ಕೂತಿದ್ದಳು. ಅವಳ ತಲೆಯಲ್ಲಿ ಯಾವ ಯಾವುದೋ ಚೂರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಗಣಿಯ ಸಾಲುಮನೆಯಲ್ಲಿ ಎಷ್ಟು ಚಳಿಯಿದ್ದರೂ ಕಿಟಕಿಯನ್ನು ಗೇಣಷ್ಟು ತೆರೆದೇ ಇಡುತ್ತಿದ್ದ ಅಮ್ಮ. ಜ್ವರ ಬಂದರೆ ಹತ್ತಿರ ಬಾರದೆ ಅಣ್ಣನ ಕೈಯಲ್ಲಿ ಔಷಧಿ ಕಳಿಸುತ್ತಿದ್ದ ಅಮ್ಮ. ಬೇರೆ ಮಕ್ಕಳನ್ನು ಅವರ ತಾಯಂದಿರು ಬೆನ್ನಿಗೆ ಕಟ್ಟಿಕೊಂಡಾಗ, ತನ್ನನ್ನು ಮಾತ್ರ ನಡೆಸಿಕೊಂಡೇ ಹೋಗುತ್ತಿದ್ದ ಅಮ್ಮ. ತಾನು ಹೆಣ್ಣಾಗಿದ್ದಕ್ಕೆ ಹಾಗೆ ಎಂದು ಇಷ್ಟು ವರ್ಷ ತಿಳಿದಿದ್ದಳು.

“ನನ್ನ ನೋಡಿದಾಗೆಲ್ಲ ಅವನು ನೆನಪಾಗ್ತಿದ್ನಾ ಅಮ್ಮ?”

“ಹೂಂ.”

“ಈಗ್ಲೂ?”

“ಇಲ್ಲ ಅಂದ್ರೆ ಸುಳ್ಳಾಗುತ್ತೆ,” ಎಂದಳು.

ಗಾರಮ್ ಅಜ್ಜಿಯ ಮೇಲೆ ರೇಗಿದಳು, ಇದನ್ನೆಲ್ಲ ಈಗ ಅಮ್ಮನಿಗೆ ಹೇಳುವ ಅಗತ್ಯವೇನಿತ್ತು ಎಂದಳು. ಮುದುಕಿ ಟೆಂಟಿನ ಬಾಗಿಲಿನ ಜಿಪ್ಪನ್ನು ಪೂರ್ತಿ ಎಳೆದು ತೆರೆದಿಟ್ಟು, ಒಳಗೆ ಹೋಗಿ, ಬಂಡೆಯ ಕಡೆ ತಲೆ ಮಾಡಿ ಮಲಗಿದಳು. ಗಾರಮ್ ಅವಳ ಮೇಲೆ ಇದ್ದಬದ್ದ ಕಂಬಳಿಯನ್ನೆಲ್ಲ ಹೊದಿಸಿ ಪಕ್ಕದಲ್ಲಿ ಮಲಗಿದಳು. ಇನ್‌ಸುಕ್‌ಗೆ ಮಾತ್ರ ಒಳಗೆ ಕಾಲಿಡಲಾಗಲಿಲ್ಲ. ಅವಳು ಕಾರಿನಲ್ಲಿ ಕೂತೇ ಬೆಳಗು ಮಾಡಿದಳು.

ಬೆಳಿಗ್ಗೆ ಬಯಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಅಜ್ಜಿ ಎದ್ದು ಫ್ಲಾಸ್ಕ್ ಹಿಡಿದುಕೊಂಡು ಬಂಡೆಯ ಹಿಂದೆ ಹೋಗುತ್ತಿದ್ದಾಗ, ಕೆಳಗಿನ ರಸ್ತೆಯಲ್ಲಿ ಜೊಂಗ್‌ಗಿಲ್‌ನ ವ್ಯಾನು ಬಂದು ನಿಂತಿತು. ಅವನು ನಸುಕಿಗೆ ಮೊದಲೇ ತೇಬೇಕ್ ಬಿಟ್ಟಿದ್ದ. ಇಳಿದವನು ಟೆಂಟನ್ನು ನೋಡಿ ರಸ್ತೆಯಂಚಿನಲ್ಲೇ ನಿಂತುಬಿಟ್ಟ. ಹತ್ತಿರ ಬರಲಿಲ್ಲ. ಅರವತ್ತು ದಾಟಿದ ಗಂಡಸು, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಇನ್‌ಸುಕ್ ಕಾರಿನಿಂದಿಳಿದು ಅವನ ಹತ್ತಿರ ಹೋದಳು. ಅವಳ ಮುಖ ನೋಡಿದೊಡನೆ ಅವನಿಗೆ ಗೊತ್ತಾಯಿತು.

“ಹೇಳಿದ್ಲಾ?”

“ಹೇಳಿದ್ಲು.”

“ಒಲೆ ತಂದಿಟ್ಟಿದ್ದು ನಾನು.”

“ಅದನ್ನೂ ಹೇಳಿದ್ಲು. ಬೇಡ ಅಂದಿದ್ಯಂತೆ.”

ಅವನು ತಲೆಯಾಡಿಸಿದ. ಬೇಡ ಎಂದಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ, ಅಮ್ಮ ಹಾಗೆ ಹೇಳುತ್ತಾಳೆ, ಎಂದ.

ಅಷ್ಟರಲ್ಲಿ ಅಜ್ಜಿ ತಡೆಗೋಡೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ಅದರಲ್ಲಿದ್ದದ್ದು ಅಕ್ಕಿಗಂಜಿಯ ತಿಳಿ. ಹಲ್ಲೇ ಬಾರದ ಕೂಸಿಗೆ ಇನ್ನೇನು ತರುವುದು ಎಂದು ಮನೆಯಲ್ಲೇ ಕಾಯಿಸಿ, ಸೋಸಿ ತಂದಿದ್ದಳು. ಜೊಂಗ್‌ಗಿಲ್ ಅದನ್ನು ನೋಡಿದ. ರಸ್ತೆಯಂಚಿನಿಂದ ಅವಳ ಹತ್ತಿರ ಬಂದ. ಆಮೇಲೆ ಹೇಳಿದ.

“ಅಲ್ಲಿ ಅಲ್ಲಮ್ಮ.”

ಅಜ್ಜಿ ಕತ್ತೆತ್ತಿದಳು.

ಅಪ್ಪ ಕೂಸನ್ನು ಎತ್ತಿಕೊಂಡು ಹೋದ ಸಂಜೆ ಅವನು ಮರೆಯಲ್ಲಿ ಹಿಂದೆಯೇ ಹೋಗಿದ್ದನಂತೆ. ಬಂಡೆಯ ಹತ್ತಿರದ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಅಪ್ಪ ಗುದ್ದಲಿ ಹಾಕಿ ಹಾಕಿ ಸೋತು, ಹೊಳೆ ದಾಟಿ ಪೈನ್ ಮರಗಳ ಕೆಳಗೆ ಹೋದ. ಅಲ್ಲಿ ಎಲೆ ಬಿದ್ದು ನೆಲ ಮೆತ್ತಗಿತ್ತು.

“ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ. ಯಾರೂ ಕೇಳ್ಲಿಲ್ಲ.”

ಅವನು ಮುಂದೆ ನಡೆದ. ಮೂವರು ಹೆಂಗಸರೂ ಹಿಂದೆ ಹೋದರು. ಹೊಳೆಗೆ ಈಗ ಸಿಮೆಂಟಿನ ಸೇತುವೆ. ಅದರಾಚೆ ಪೈನ್ ಮರಗಳಿರಲಿಲ್ಲ, ವಾಹನ ನಿಲ್ಲಿಸುವ ಬಯಲಿತ್ತು. ಡಾಂಬರು, ಬಿಳಿಯ ಗೆರೆಗಳು. ಜೊಂಗ್‌ಗಿಲ್ ಹೊಳೆಯ ತಿರುವನ್ನು ನೋಡಿದ, ಎದುರಿನ ಗುಡ್ಡದ ಸೀಳನ್ನು ನೋಡಿದ, ಹಿಂದೆ ಮುಂದೆ ನಡೆದು, ದೊಡ್ಡದೊಂದು ಬಿಳಿ ಕಾರಿನ ಪಕ್ಕದಲ್ಲಿ ನಿಂತ. ಕಾರಿನವನು ಹೆಂಡತಿಯ ಜೊತೆ ಮಡಚುವ ಕುರ್ಚಿಗಳನ್ನು ಒಳಗೆ ತುಂಬುತ್ತಿದ್ದ. ಒಂದು ನಿಮಿಷ ಗಾಡಿ ಹಿಂದಕ್ಕೆ ತೆಗೆಯಬಹುದೇ ಎಂದು ಜೊಂಗ್‌ಗಿಲ್ ಕೇಳಿದ. ಇಷ್ಟು ಜಾಗ ಖಾಲಿ ಬಿದ್ದಿರುವಾಗ ಇದೇ ಯಾಕೆ ಎಂದು ಅವನು ಗೊಣಗಿದ. ಜೊಂಗ್‌ಗಿಲ್ ಕಾರಣ ಹೇಳಲಿಲ್ಲ, ಸುಮ್ಮನೆ ತಲೆಬಾಗಿ ನಿಂತ. ಕಾರಿನವನು ಹೆಂಡತಿಯ ಮುಖ ನೋಡಿ, ಗಾಡಿ ತೆಗೆದ.

ಎಣ್ಣೆಯ ಕಲೆಯೊಂದು ಉಳಿಯಿತು. ಅಜ್ಜಿ ಅದರ ಮುಂದೆ ಕೂತಳು. ಡಾಂಬರಿನ ಮೇಲೆ ಅಂಗೈಯಿಟ್ಟಳು.

“ತಲೆ ಯಾವ ಕಡೆ?”

“ಹೊಳೆ ಕಡೆ,” ಎಂದ ಜೊಂಗ್‌ಗಿಲ್.

ಅವಳು ಕೂತಲ್ಲೇ ಸ್ವಲ್ಪ ಸರಿದು ಗಂಜಿಯ ತಿಳಿಯನ್ನು ನಿಧಾನವಾಗಿ ಸುರಿದಳು. ನೆಲ ಕುಡಿಯಲಿಲ್ಲ. ತಿಳಿ ಹಬೆಯಾಡುತ್ತ ಗೆರೆ ಹಿಡಿದು ಹರಿದು, ಬಿಳಿ ಪಟ್ಟೆ ದಾಟಿ, ಚರಂಡಿಯ ಜಾಲರಿಗೆ ಇಳಿಯಿತು. ಫ್ಲಾಸ್ಕು ಬರಿದಾದ ಮೇಲೂ ಅವಳು ಅದನ್ನು ಬಗ್ಗಿಸಿಯೇ ಹಿಡಿದಿದ್ದಳು. ಗಾರಮ್ ಬಂದು ಕೈಯಿಂದ ಬಿಡಿಸಿಕೊಂಡಳು.

ಜಾಗ ಬಿಡುವ ಹೊತ್ತಾಗಿತ್ತು. ಇನ್‌ಸುಕ್ ಒಬ್ಬಳೇ ಟೆಂಟ್ ಬಿಚ್ಚಿದಳು, ಯಾರ ಸಹಾಯವನ್ನೂ ತೆಗೆದುಕೊಳ್ಳಲಿಲ್ಲ. ಅಜ್ಜಿ ಮಗನ ವ್ಯಾನು ಹತ್ತಿದಳು, ಮಗಳ ಕಡೆ ತಿರುಗಿ ನೋಡಲಿಲ್ಲ. ಘಟ್ಟ ಇಳಿಯುವವರೆಗೂ ಇನ್‌ಸುಕ್ ಮುಂದೆ ಹೋಗುತ್ತಿದ್ದ ಆ ವ್ಯಾನಿನ ಹಿಂಬದಿಯನ್ನೇ ನೋಡುತ್ತಿದ್ದಳು. ಅಜ್ಜಿಯ ಮೇಲೆ ಸಿಟ್ಟಾ ಎಂದು ಗಾರಮ್ ಕೇಳಿದಳು.

“ಯಾರ ಮೇಲೆ ಸಿಟ್ಟಾಗ್ಲಿ? ಚಳಿ ಅಂದವಳು ನಾನು.”

“ಆಗ ಐದು ವರ್ಷದ ಮಗು ಅಮ್ಮ ನೀನು.”

“ಗೊತ್ತು,” ಎಂದಳು ಇನ್‌ಸುಕ್. ಗೊತ್ತಿದ್ದೂ ಏನೂ ಹಗುರವಾಗಲಿಲ್ಲ.

ಮುಂದಿನ ವಾರಗಳಲ್ಲಿ ಅವಳು ಅಮ್ಮನ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಡುಗೆ ಮಾಡಿ ಗಾರಮ್ ಕೈಯಲ್ಲಿ ಕಳಿಸುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಒಲೆಗಳನ್ನು ಹಚ್ಚಲಾಗದೆ, ತರಕಾರಿ ಹೆಚ್ಚುವ ಕಡೆಗೆ ಹಾಕಿ ಎಂದು ಕೇಳಿಕೊಂಡಳು. ರಾತ್ರಿ ಕಿಟಕಿಯನ್ನು ಮುಚ್ಚುವುದು, ಮತ್ತೆ ಎದ್ದು ತೆರೆಯುವುದು ಅವಳಿಗೂ ಅಭ್ಯಾಸವಾಯಿತು. ಮುಖವೇ ನೆನಪಿಲ್ಲದ ತಮ್ಮನಿಗಾಗಿ ಅಳುವುದು ಹೇಗೆಂದು ತಿಳಿಯದೆ, ಅಳು ಬಾರದೆ ಒದ್ದಾಡಿದಳು.

ಡಿಸೆಂಬರಿನಲ್ಲಿ ವರ್ಷದ ಅತಿ ಗಿಡ್ಡ ಹಗಲು ಬಂತು. ಆ ದಿನ ಮನೆಮನೆಯಲ್ಲೂ ಕೆಂಪು ಅಲಸಂದೆಯ ಗಂಜಿ ಮಾಡುತ್ತಾರೆ. ಸಂಜೆ ಬಾಗಿಲು ತಟ್ಟಿದ ಸದ್ದಾಗಿ ಇನ್‌ಸುಕ್ ತೆರೆದರೆ, ಅಮ್ಮ ಗಂಜಿಯ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ನಿಂತಿದ್ದಳು. ಹಿಮ ಬಿದ್ದು ಜಾರುವ ದಾರಿಯಲ್ಲಿ ಒಬ್ಬಳೇ ಬಂದಿದ್ದಳು. ಇನ್‌ಸುಕ್ ಬೈಯಲಿಲ್ಲ, ಒಳಗೆ ಬಾ ಎಂದಳು.

ಇಬ್ಬರೂ ಎದುರುಬದುರು ಕೂತು ತಿಂದರು. ಅರ್ಧ ತಿಂದ ಮೇಲೆ ಅಜ್ಜಿ ಚಮಚ ಕೆಳಗಿಟ್ಟಳು.

“ಅವತ್ತು ಬೆಳಿಗ್ಗೆ ಮೊದಲು ಹೊರಗೆ ಎಳೆದಿದ್ದು ನಿನ್ನ,” ಎಂದಳು. “ಆಮೇಲೆ ಜೊಂಗ್‌ಗಿಲ್‌ನ. ಅವನ್ನ ಕೊನೇಗೆ.”

ಇನ್‌ಸುಕ್ ಕಾದಳು. ಅಮ್ಮ ಇನ್ನೇನಾದರೂ ಹೇಳುತ್ತಾಳೆಂದು, ಒಂದು ಮಾತು, ಅರ್ಧ ಮಾತು.

“ನೀನೇ ಬಾಗಿಲ ಹತ್ರ ಇದ್ದೆ,” ಎಂದಳು ಅಜ್ಜಿ.

ಗಂಜಿ ಆರುತ್ತಿತ್ತು. ಇನ್‌ಸುಕ್ ಎದ್ದು ಎರಡೂ ಬಟ್ಟಲುಗಳನ್ನು ಒಯ್ದು ಬಿಸಿ ಮಾಡಿ ತಂದಳು. ಅಮ್ಮನ ಬಟ್ಟಲನ್ನು ಅಮ್ಮನ ಮುಂದಿಟ್ಟು ತನ್ನದನ್ನು ತಿಂದು ಮುಗಿಸಿದಳು. ಹೊರಗೆ ಕತ್ತಲಾಗಿತ್ತು, ದಾರಿ ಇನ್ನೂ ಜಾರುತ್ತಿತ್ತು. ಇವತ್ತು ಇಲ್ಲೇ ಮಲಗು ಎಂದಳು. ಅಜ್ಜಿ ಗೋಡೆಗೊರಗಿ ಕಾಲು ಚಾಚಿ ಕೂತಳು.